ಮಂಡಾಯಿಯ ಕಡವೆ

ಕಡವೆಯನ್ನು ಹತ್ತಿರದಿಂದ ನೋಡಬೇಕೆಂಬ ಹುಚ್ಚು ಮೈಥಿಲಿಗೆ ಹಿಡಿದದ್ದು ಬಸ್ಸಿನಲ್ಲಿ. ಸಿಂಗಪುರದ ವುಡ್‌ಲ್ಯಾಂಡ್ಸ್‌ನಿಂದ ಆಫೀಸಿಗೆ ಹೊರಟವಳಿಗೆ ಮಂಡಾಯಿ ಕಾಡಿನಂಚಿನಲ್ಲಿ ತಲೆಯೆತ್ತಿ ನಿಂತ ಕಡವೆಯೊಂದು ಕಂಡಿತ್ತು. ಅಂದಿನಿಂದ ಪ್ರತಿ ಭಾನುವಾರ ಬೆಳಕು ಹರಿಯುವ ಮುಂಚೆಯೇ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗುತ್ತಿದ್ದಳು. ಸಿಗುತ್ತಿದ್ದದ್ದು ಪೊದೆಯಲ್ಲಿ ಮರೆಯಾಗುವ ಬಾಲದ ದರ್ಶನವಷ್ಟೇ.

"ಥೂ, ಮತ್ತೆ ಓಡ್ಹೋಯ್ತು!" ಎಂದು ಒಮ್ಮೆ ಗೊಣಗಿದಾಗ ಹಿಂದಿನಿಂದ ಉತ್ತರ ಬಂತು.

"ಅಷ್ಟು ಸ್ಪೀಡಾಗಿ ಹೋದ್ರೆ ಅದು ನಿಲ್ತದಾ ಮಾರಾಯ್ತಿ?"

ಸೆರಂಗೂನ್‌ನಲ್ಲಿರುವ ಉಡುಪಿಯ ವಿಮಲಾ ಆಂಟಿ ಪರಿಚಯವಾದದ್ದು ಹಾಗೆ. ಎಷ್ಟೋ ವರ್ಷಗಳಿಂದ ಕಾಡುಪ್ರಾಣಿಗಳನ್ನು ನೋಡುತ್ತ ಬಂದವರು. ಚಿಟಿಕೆ ಪೌಡರ್ ಗಾಳಿಗೆ ತೂರಿ ತೋರಿಸಿದರು.

"ಗಾಳಿ ನಿನ್ನ ಮುಖಕ್ಕೆ ಬಡೀಬೇಕು. ಇಲ್ಲದಿದ್ರೆ ನಿನಗಿಂತ ಮೊದ್ಲು ನಿನ್ನ ಶಾಂಪೂ ವಾಸನೆ ಅಲ್ಲಿಗೆ ರೀಚ್ ಆಗ್ತದೆ."

ಅದು ಮೇಯುವಾಗ ಮಾತ್ರ ಹೆಜ್ಜೆ, ತಲೆಯೆತ್ತಿದರೆ ಕಲ್ಲಾಗಿ ನಿಲ್ಲಬೇಕು. ಸೊಳ್ಳೆ ಕಚ್ಚಿದರೂ ಕೈ ಏಳಬಾರದು.

"ಆಂಟಿ, ಬರೀ ನಿಲ್ಲೋದೇ ಆಯ್ತಲ್ಲ!" ಎಂದು ಮೈಥಿಲಿ ರೇಗಿದ್ದೂ ಉಂಟು.

"ನಿಲ್ಲಲಿಕ್ಕೆ ಬರಲಿ, ಆಮೇಲೆ ನಡೆಯೋದು ಕಲಿಸ್ತೇನೆ," ಎಂದು ಅವರು ನಕ್ಕಿದ್ದರು.

ಮಳೆಗಾಲ ಕಳೆದ ಮೇಲೊಂದು ಬೆಳಿಗ್ಗೆ ಆಂಟಿಗೆ ಮಂಡಿನೋವು. ದಾರಿಯ ಬದಿಯ ಬೆಂಚಿನಲ್ಲಿ ಕುಳಿತು, "ನೀನೊಬ್ಬಳೇ ಹೋಗು," ಎಂದರು. ತಿರುವಿನಾಚೆಯ ಹುಲ್ಲಿನಲ್ಲಿ ಹೆಣ್ಣು ಕಡವೆ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ನಡುಗುವ ಕಾಲುಗಳ ಎಳೆಮರಿ. ಇಷ್ಟು ವರ್ಷಗಳಲ್ಲಿ ಒಂದು ಎಳೆಮರಿಯನ್ನೂ ಕಂಡಿಲ್ಲವೆಂದು ಆಂಟಿ ಹೇಳಿದ್ದರು. ಮೈಥಿಲಿ ಎತ್ತಿದ ಕ್ಯಾಮೆರಾವನ್ನು ಇಳಿಸಿದಳು. ಬೆನ್ನು ತಿರುಗಿಸದೆ, ಕಡ್ಡಿ ಮುರಿಯದಂತೆ ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಬೆಂಚಿನ ಬಳಿ ಬಂದು, ಮರಿಯಿದೆ ಎಂದು ಪಿಸುಗುಟ್ಟಿ ಆಂಟಿಯನ್ನು ಕರೆದಳು.

"ನನ್ನ ಕಾಲು ಸದ್ದು ಮಾಡ್ತದೆ. ಬೇಡ ಮಗಾ."

"ನನ್ನ ಭುಜ ಹಿಡ್ಕೊಳ್ಳಿ ಆಂಟಿ. ನಾನು ಕಾಲಿಟ್ಟಲ್ಲೇ ನೀವೂ ಇಡಿ."

ಅವರು ಹತ್ತಿರವಾದಂತೆ ತಾಯಿ ತಲೆಯೆತ್ತಿತು. ಇಬ್ಬರೂ ನಿಂತರು. ಮೈಥಿಲಿಯ ಕತ್ತಿನ ಮೇಲೆ ಇರುವೆ ಹರಿಯುತ್ತಿತ್ತು, ಅವಳು ಉಸಿರನ್ನೂ ಬಿಗಿಹಿಡಿದಳು. ಬಹಳ ಹೊತ್ತಿನ ಮೇಲೆ ಕಡವೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಮರಿ ಹಾಲು ಕುಡಿಯತೊಡಗಿತು. ಭುಜದ ಮೇಲಿದ್ದ ಆಂಟಿಯ ಬೆರಳುಗಳು ಬಿಗಿಯಾದವು.

ಅವು ಕಾಡಿನೊಳಗೆ ಸರಿದ ಮೇಲೆ ಮೈಥಿಲಿ, "ನೀವು ಕಲಿಸದೇ ಇದ್ದಿದ್ರೆ ಇದು ನನಗೆ ಕಾಣ್ತಾನೇ ಇರ್ಲಿಲ್ಲ ಆಂಟಿ," ಎಂದಳು. ಆಂಟಿ ಅವಳ ತಲೆ ಸವರಿದರು.

ವಾಪಸು ಬಸ್ಸಿನಲ್ಲಿ ಅವರು ತಂಗಿಗೆ ಫೋನ್ ಮಾಡಿ ತುಳುವಿನಲ್ಲಿ ಎಲ್ಲವನ್ನೂ ಬಣ್ಣಿಸಿದರು. ಮೈಥಿಲಿಗೆ ತುಳು ಬಾರದು. ಆದರೆ ತನ್ನ ಹೆಸರು ಮತ್ತೆ ಮತ್ತೆ ಬರುತ್ತಿದ್ದದ್ದು ಕೇಳಿಸಿತು.