ಒಂಟಿಕೊಂಬಿನ ತಳಿ

"ಮೂದೇವಿ, ಬೇಗ ಹೊಡಿಯೇ ಹಸೂನ. ಸಾಹೇಬ್ರು ಆಗ್ಲೇ ಮೂಲೆಮನೆ ದಾಟಿದ್ರು. ನೀನೇನು ಮೆರವಣಿಗೆ ಹೊರಟಿದ್ದೀಯಾ?"

ಧಣಿಯ ಬೈಗುಳ ಗಿಡ್ಡಿಯ ಬೆನ್ನಿಗೆ ಬಿತ್ತು. ಅವಳು ಹಸುವಿನ ಬಾಲ ತಿರುಚಿ ಹಿತ್ತಿಲ ಓಣಿಯಲ್ಲಿ ಓಡಿಸಿದಳು. ಸರ್ಕಾರದ ದುಡ್ಡಲ್ಲಿ ಗೋಬರ್ ಗ್ಯಾಸ್ ಹಾಕಿಸಿಕೊಂಡ ಇಪ್ಪತ್ತು ಮನೆಗಳ ತಪಾಸಣೆ ಇವತ್ತು. ತೊಟ್ಟಿಗಳೇನೋ ಇಪ್ಪತ್ತೂ ಇದ್ದವು, ಕಟ್ಟಿಸಿದ ಗುತ್ತಿಗೆದಾರ ಧಣಿಯೇ. ಕೇರಿಯಲ್ಲಿ ಯಾರಿಗೂ ಒಂದು ಕರುವೂ ಇರಲಿಲ್ಲ, ಅಷ್ಟೆ. ಹಾಗಾಗಿ ಸಾಹೇಬರು ಒಂದು ಮನೆಯ ಮುಂಬಾಗಿಲು ದಾಟುವಷ್ಟರಲ್ಲಿ ಧಣಿಯ ಹಸು ಹಿತ್ತಿಲಿಂದ ಹೊರಟು ಮುಂದಿನ ಮನೆಯ ಅಂಗಳದಲ್ಲಿ ಮೆಲುಕು ಹಾಕುತ್ತಾ ನಿಂತಿರುತ್ತಿತ್ತು.

ಹದಿನಾಲ್ಕನೇ ಮನೆಯಲ್ಲಿ ಸಾಹೇಬರು ಕನ್ನಡಕ ಒರೆಸಿಕೊಂಡರು. "ಅಲ್ರೀ, ನಿಮ್ಮೂರಲ್ಲಿ ಎಲ್ಲಾ ಹಸುಗೂ ಒಂದೇ ಕೊಂಬು ಯಾಕ್ರೀ?"

"ತಳಿನೇ ಹಂಗೆ ಸಾರ್" ಅಂದ ಧಣಿ.

ಸಾಹೇಬರು ಅದನ್ನೂ ಬರೆದುಕೊಂಡರು. ಒಲೆ ಹಚ್ಚಿ ಅಂದಾಗಲೆಲ್ಲ ಧಣಿ, "ಈಗ್ತಾನೆ ಅಡಿಗೆ ಮುಗ್ಸಿದ್ರು, ಗ್ಯಾಸ್ ಖಾಲಿ" ಎನ್ನುತ್ತಿದ್ದ.

ಕೊನೆಯದು ಗಿಡ್ಡಿಯ ಮನೆ. ಹಸುವನ್ನು ಕಟ್ಟಿ ಅವಳು ಧಣಿಯ ಹತ್ತಿರ ಸರಿದಳು. "ಧಣಿ, ಇವತ್ತಾದ್ರೂ ನಿಮ್ ತೋಪಿಂದ ಒಂದು ಹೊರೆ ಸೌದೆ ತರೋಕೆ ಬಿಡಿ. ಒಲೆ ಹಚ್ಚಿ ಮೂರು ದಿನ ಆಯ್ತು."

"ಗ್ಯಾಸ್ ಇರೋಳಿಗೆ ಸೌದೆ ಯಾಕೇ, ಮುಂಡೇದೆ? ತೋಪಿಗೆ ಕಾಲಿಟ್ರೆ ಕಾಲು ಮುರೀತೀನಿ."

ಒಳಗೆ ಅತ್ತೆ ಬೊಚ್ಚುಬಾಯಲ್ಲಿ ನೆನೆಸಿದ ಹಸಿ ಕಾಳು ಚೀಪುತ್ತಿದ್ದಳು.

ಇಪ್ಪತ್ತು ಮನೆ ಸುತ್ತಿದ ಸಾಹೇಬರಿಗೆ ಗಂಟಲು ಒಣಗಿತ್ತು. "ಒಂದು ಲೋಟ ಟೀ ಕೊಡಮ್ಮ. ಗ್ಯಾಸಲ್ಲೇ ಕಾಸಿಕೊಡು, ನೋಡ್ದಂಗೂ ಆಗುತ್ತೆ."

ಧಣಿ ಬಾಯಿ ತೆರೆಯುವ ಮೊದಲೇ ಗಿಡ್ಡಿ, "ಆಗ್ಲಿ ಸಾರ್, ಕೂತ್ಕೊಳಿ" ಅಂದಳು.

ಅವಳು ಬಾಗಿಲ ಮೇಲಿನ ಮರದ ಹಲಗೆಗೆ ಕೈ ಹಾಕಿದಳು. 'ಇದು ಹೊಗೆ ಇಲ್ಲದ ಮನೆ' ಎಂದು ಮಿಕ್ಕ ಹತ್ತೊಂಬತ್ತು ಮನೆಗಳ ಹಲಗೆಗಳಂತೆ ಅದರ ಮೇಲೂ ಹಸಿರು ಬಣ್ಣದಲ್ಲಿ ಬರೆದಿತ್ತು. ಮೊಳೆ ಸಮೇತ ಕಿತ್ತು, ಕೊಡಲಿಯಿಂದ ನಾಲ್ಕು ಸೀಳು ಮಾಡಿ ಹಳೇ ಮಣ್ಣಿನ ಒಲೆಗೆ ತುರುಕಿದಳು. ಬಣ್ಣದ ಹೊಗೆ ಮನೆ ತುಂಬಿತು. ಸಾಹೇಬರು ಕೆಮ್ಮುತ್ತಾ ಕಣ್ಣೊರೆಸಿಕೊಂಡರು.

"ಸರ್ಕಾರಿ ಹಲಗೆ ಕಣೇ ಅದು, ಲೌಡಿ!"

"ಹೌದು ಧಣಿ. ನಿಮ್ ತೋಪಿಂದಲ್ಲ."

ಅವಳು ನೀರಿಡಲು ಹೋದಾಗ ಅತ್ತೆ ತಟ್ಟೆ ಮುಂದೆ ಚಾಚಿದಳು. "ಟೀ ಆಮೇಲೆ. ಮೊದ್ಲು ಕಾಳು ಬೇಯ್ಸೇ."

ಕಾಳು ಒಲೆ ಏರಿತು. ಅಷ್ಟರಲ್ಲಿ ಪಕ್ಕದ ಮನೆಯಿಂದಲೂ ಹಲಗೆ ಸೀಳುವ ಸದ್ದು ಕೇಳಿಸಿತು. ಅದರಾಚೆ ಮನೆಯಿಂದಲೂ.