ಐದು ಹೆಸರಿನ ಪ್ರಬಂಧ

“ಉಜ್ಜಿ ಉಜ್ಜಿ ಚರ್ಮ ಕಿತ್ತು ಬರ್ತದೆ, ಬಿಡೋ,” ಅಂದಳು ಅಂಜಿನಮ್ಮ ಮೈದುನನಿಗೆ.

ಬೈಲಪ್ಪ ಬಿಡಲಿಲ್ಲ. ಸತ್ತ ಅಣ್ಣ ಸಿದ್ದರಾಜುವಿನ ಬೆರಳುಗಳಿಗೆ ಸೀಗೇಪುಡಿ ಹಚ್ಚಿ ತಿಕ್ಕುತ್ತಲೇ ಇದ್ದ. ಕೆಲಸದಲ್ಲಿ ಅಂಟಿದ ಬೆಳ್ಳಿ ಲವಣದ ಕಪ್ಪು ಕಲೆ ಮಾಸಲಿಲ್ಲ.

“ಹದಿನೈದು ದಿನಕ್ಕೆ ತಾನೇ ಹೋಗ್ತದೆ ಕಣಪ್ಪಾ…” ಅಂದವಳು ಗಂಡನ ಮುಖ ನೋಡಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಬೇಲಿಯ ಪಕ್ಕ ಮಮತ ನಿಂತಿದ್ದಳು. ಸೋಂಪುರದ ಪ್ರಯೋಗಾಲಯದಲ್ಲಿ ಸಿದ್ದರಾಜುವಿನ ಪಕ್ಕದ ಮೇಜು ಅವಳದು. ಅವನು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಸಹಾಯಕ. ನಿನ್ನೆ ಸಂಜೆ ಕಂಪನಿ ಬಸ್ಸಿನಲ್ಲಿ ಕೂತವನು ತನ್ನೂರು ರಾಜಘಟ್ಟ ಬಂದರೂ ಮೇಲೇಳಲಿಲ್ಲ.

ಕಾರು ಬಂದು ನಿಂತಿತು. ಹೂವಿನ ಹಾರ ಹಿಡಿದು ಇಳಿದವರು ಪ್ರಯೋಗಾಲಯದ ಮುಖ್ಯಸ್ಥ ಭಾನುಪ್ರಕಾಶ್.

“ಕುರ್ಚಿ ಹಾಕ್ರಪ್ಪಾ,” ಅಂದ ಊರ ಹಿರಿಯ ನರಸಿಂಹಯ್ಯ. “ಸಾರ್, ನಮ್ ಸಿದ್ದ ಅಲ್ಲಿ ಏನ್ ಕೆಲ್ಸ ಮಾಡ್ತಿದ್ದ? ಕೇಳಿದ್ರೆ ‘ಯಾರೂ ಬಿಡಿಸದ ಗಂಟು ಬಿಡಿಸ್ತೀನಿ’ ಅಂತಿದ್ದ.”

“ಗ್ಲಾಸು ಗೀಸು ತೊಳ್ಕೊಡ್ತಿದ್ರು. ಪ್ರಾಮಾಣಿಕ ಮನುಷ್ಯ.”

ತೊಳ್ಕೊಡ್ತಿದ್ದರಂತೆ! ಮಮತ ಉಗುರುಗಳನ್ನು ಅಂಗೈಗೆ ಒತ್ತಿಕೊಂಡಳು.

*

ಸಿದ್ದರಾಜು ಹೇಳುತ್ತಿದ್ದ ಗಂಟು ಇದು: ಮೀಥೇನ್ ಅನಿಲದಲ್ಲಿ ಇಂಗಾಲ ಜಲಜನಕವನ್ನು ಹಿಡಿದಿರುವ ಹಿಡಿತ ಸಾಮಾನ್ಯದ್ದಲ್ಲ. ಅದನ್ನು ಸಡಿಲಿಸಬಲ್ಲ ಹೊಸ ಸಂಯುಕ್ತವೊಂದನ್ನು, ನಡುವೆ ಲೋಹವಿಟ್ಟು ಸುತ್ತ ಸಾವಯವ ತೋಳು ಕಟ್ಟಿ, ಮಾಡಬೇಕಿತ್ತು. ಮಾಡಿದ್ದೇವೆಂದು ಲೋಕಕ್ಕೆ ತೋರಿಸಲು ಅದರ ಹರಳು ಬೇಕಿತ್ತು. ನಲವತ್ತು ಸಲವೂ ಬರೀ ಕೆಂಪು ಪುಡಿ ಬಿತ್ತು. ಭಾನುಪ್ರಕಾಶ್ ಗಂಟೆಗೊಮ್ಮೆ ಫ್ರೀಜರ್ ತೆಗೆದು, ಕೊಳವೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸುತ್ತಿದ್ದರು.

“ಹೆಪ್ಪು ಹಾಕಿದ ಗಡಿಗೇನ ಹಿಂಗೆ ಅಲ್ಲಾಡ್ಸಿ ಅಲ್ಲಾಡ್ಸಿ ನೋಡ್ತಾರಾ ಸಾರ್?” ಅಂದ ಸಿದ್ದರಾಜು.

“ಇದು ಕೆಮಿಸ್ಟ್ರಿ ಕಣ್ರೀ, ಮೊಸರಲ್ಲ.”

ನಲವತ್ತೊಂದನೆಯ ಸಲ ಮಮತಳ ಎದುರು ಸಿದ್ದರಾಜು ತಾನೇ ಮಾಡಿದ. ಗಾಳಿ ಸೋಕಿದರೆ ಕೆಡುವ ಮಾಲು. ಕೊಳವೆಯ ಬಾಯಿ ಬಿಗಿದು, ಹಳೇ ಕಂಬಳಿ ಸುತ್ತಿ, ಪ್ರಯೋಗಾಲಯದ ಪಂಪುಗಳ ಅದುರು ತಾಗದ ಉಗ್ರಾಣದ ಫ್ರೀಜರಿನಲ್ಲಿಟ್ಟು, ಬೀಗದಕೈ ಜೇಬಿಗಿಳಿಸಿದ. “ಮಮತಮ್ಮ, ಒಂಬತ್ತು ದಿನ ಏನೂ ಕೇಳ್ಬೇಡಿ.” ಹತ್ತನೆಯ ದಿನ ತಳದಲ್ಲಿ ದಾಳಿಂಬೆ ಕಾಳಿನಂಥ ಹರಳುಗಳು!

ಪ್ರಬಂಧ ಅಚ್ಚಾಯಿತು. ಐದು ಹೆಸರು. ಮೂರನೆಯದು ಮಮತಳದು, ಕರಡು ತಿದ್ದಿದವಳೂ ಅವಳೇ. ಆರನೆಯ ಹೆಸರೆಲ್ಲಿ ಎಂದು ಕೇಳಲು ಭಾನುಪ್ರಕಾಶರ ಬಾಗಿಲ ತನಕ ಎರಡು ಸಲ ಹೋಗಿ ವಾಪಸು ಬಂದಿದ್ದಳು. ಸಿದ್ದರಾಜು ಹಾಳೆ ತಿರುವಿ, “ನಿಮ್ ಹೆಸ್ರು ಐತಲ್ಲ, ಸಾಕು ಬಿಡಿ,” ಅಂದಿದ್ದ. ಅದಕ್ಕಿಂತ ಉಗಿದಿದ್ದರೆ ವಾಸಿಯಿತ್ತು.

*

ಹೊಲದ ಗುಂಡಿಗೆ ಹೆಣ ಇಳಿಸುತ್ತಿದ್ದಾಗ ಭಾನುಪ್ರಕಾಶ್ ಅವಳ ಪಕ್ಕಕ್ಕೆ ಸರಿದರು.

“ಸೋಮವಾರ ಪೇಟೆಂಟ್ ಅರ್ಜಿ ಹಾಕ್ಬೇಕು ಮಮತ. ಪ್ರಬಂಧದಲ್ಲಿ ಹೇಳದೆ ಬಿಟ್ಟಿದ್ದು, ಅವರು ಹರಳು ಬೆಳೆಸಿದ ರೀತಿ, ಅದನ್ನ ಬರೆದುಕೊಡಿ. ನೋಡಿದವರು ನೀವೊಬ್ರೇ.”

“ಅವರ ಹೆಸರು ಹಾಕ್ತೀರಾ ಸರ್?”

“ಹೋದವರಿಗೆ ಹೆಸರು ಯಾಕೆ? ನಿಮ್ಮದನ್ನ ಎರಡನೇದು ಮಾಡ್ತೀನಿ.”

ಅಷ್ಟರಲ್ಲಿ ನರಸಿಂಹಯ್ಯ ಕೂಗಿದ: “ಎಲ್ರೂ ಮೂರ್ಮೂರು ಹಿಡಿ ಮಣ್ಣು ಹಾಕಿ. ಇವ್ನಿಗೆ ಅನ್ಯಾಯ ಮಾಡ್ದೋರಿದ್ರೆ ಬಾಯ್ಬಿಟ್ಟು ಹೇಳ್ಬಿಟ್ಟೇ ಹಾಕ್ಬೇಕು. ನಮ್ಮೂರ ಪದ್ಧತಿ.”

ಭಾನುಪ್ರಕಾಶ್ ಬಗ್ಗಿ ಮಣ್ಣು ತೆಗೆದುಕೊಂಡರು.

“ಹಾಕ್ಬೇಡಿ ಸರ್.”

ಮಮತಳ ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿತ್ತು. ನಿಲ್ಲಿಸಲಿಲ್ಲ.

“ಸಿದ್ದರಾಜಣ್ಣ ಗ್ಲಾಸು ತೊಳೆಯೋಕಿರ್ಲಿಲ್ಲ. ನಮ್ ಕೈಲಿ ಆಗದ್ದನ್ನ ಅವರು ಮಾಡಿದ್ರು. ಹೆಸ್ರು ನಾವ್ ಹಾಕ್ಕೊಂಡ್ವಿ. ಅವರದನ್ನ ಇವರು ಬಿಟ್ಟರು, ನಾನು ನೋಡ್ಕೊಂಡು ಸುಮ್ನಿದ್ದೆ.”

“ಇದೆಲ್ಲ ಮಾತಾಡೋ ಜಾಗವಾ ಇದು?”

“ಬೇರೆ ಜಾಗದಲ್ಲಿ ನಂಗೆ ಬಾಯಿ ಬರ್ಲಿಲ್ಲ ಸರ್!”

ಅಂಜಿನಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಕ್ಷಮೆಯೇನೂ ಇರಲಿಲ್ಲ.

“ನೀನು ಬಾಯ್ಬಿಟ್ಟು ಹೇಳ್ದೆ. ಹಾಕು.”

ಮಮತ ಮೂರು ಹಿಡಿ ಹಾಕಿದಳು. ಬೈಲಪ್ಪ ಭಾನುಪ್ರಕಾಶರ ಕಡೆ ತಿರುಗಿದ.

“ನಿಮ್ದೇನ್ ಸಾರ್?”

ಅವರು ಕೈಯಲ್ಲಿದ್ದ ಮಣ್ಣನ್ನು ನೋಡಿದರು. ಸಾಲು ಅವರನ್ನು ಬಳಸಿಕೊಂಡು ಮುಂದೆ ಹೋಯಿತು. ಗುದ್ದಲಿಗಳು ಮಣ್ಣೆಳೆದವು, ಗುಂಡಿ ತುಂಬಿತು, ಗುಡ್ಡೆಯಾಯಿತು. ಅವರ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬಲಗೈ ಮುಷ್ಟಿ ಬಿಚ್ಚದೆ ಭಾನುಪ್ರಕಾಶ್ ನಿಂತೇ ಇದ್ದರು. ಬೆರಳ ಸಂದಿಯಿಂದ ಕೆಮ್ಮಣ್ಣು ಅವರ ಬೂಟಿನ ಮೇಲೆ ಚೂರು ಚೂರೇ ಉದುರುತ್ತಿತ್ತು.