ಎಡಭುಜದ ಮೆತ್ತೆ

ಶವಪೆಟ್ಟಿಗೆಯನ್ನು ಹೆಗಲಿಗೇರಿಸುವಷ್ಟರಲ್ಲಿ ಮೊಮ್ಮಗನ ಅಂಗಿಯ ಎಡಭುಜ ಪರ್ರೆಂದು ಹರಿಯಿತು.

“ಇಳಿಸ್ರಪ್ಪಾ, ಇಳಿಸಿ!” ಮಾವ ಕೂಗಿದ. ಹೊತ್ತವರೆಲ್ಲ ಮೊಣಕಾಲು ಬಗ್ಗಿಸಿ ಅಜ್ಜಿಯನ್ನು ಮತ್ತೆ ಬೆಂಚಿನ ಮೇಲಿಟ್ಟರು. ಪಕ್ಕದಲ್ಲೇ ಅವಳ ಹೊಲಿಗೆ ಯಂತ್ರ ಮುಸುಕು ಹೊದ್ದು, ತನ್ನ ಸರದಿ ಯಾವಾಗ ಎಂದು ಕಾಯುವಂತೆ ನಿಂತಿತ್ತು.

“ನಾನು ಆಗ್ಲೇ ಬಡ್ಕೊಂಡೆ. ಇವನ ಭುಜ ಸರಿಯಿಲ್ಲ, ಮೆಟ್ಟಿಲು ಬೇರೆ ಕಡಿದು. ಪೆಟ್ಟಿಗೆ ಇವನ ಕಡೆಗೇ ವಾಲುತ್ತೆ. ಬೇರೆ ಯಾರಾದ್ರೂ ಹಿಡೀಲಿ.”

“ನಾನೇ ಹಿಡೀತೀನಿ, ಮಾವ.”

“ಹಟ ಮಾಡ್ಬೇಡ್ವೋ. ನಮ್ಮಮ್ಮ ಮಧ್ಯದಲ್ಲಿ ಜಾರಿದ್ರೆ ಏನು ಗತಿ?”

“ಏನಾಗುತ್ತೆ? ಆಯಮ್ಮ ಎದ್ದು ಕೂತು, ‘ಅಳತೆ ತಪ್ಪಿಸಿದ್ಯಲ್ಲೋ ಮುಂಡೇದೇ’ ಅಂತ ಬೈತಾರೆ ಅಷ್ಟೆ,” ಎಂದ ಕೆಳಮನೆಯ ಇಸ್ತ್ರಿಯವನು. ಬಾಗಿಲ ಬಳಿ ಯಾರೋ ನಕ್ಕು, ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡರು. “ತಕ್ಕಡಿನೇ ಹೊರಲಿ ಬಿಡಿ. ಅವರ ಕೈಯಲ್ಲೇ ಬೆಳೆದೋನು,” ಎಂದು ಇಸ್ತ್ರಿಯವನೇ ಮುಂದುವರಿಸಿದ.

ಒಂದು ಭುಜ ಮೇಲೆ, ಒಂದು ಕೆಳಗೆ. ಬೀದಿ ನಲ್ಲಿಯ ಕೆಳಗೆ ಬರಿಮೈಯಲ್ಲಿ ಕಂಡ ಹುಡುಗರು ಅವನಿಗೆ ಇಟ್ಟ ಹೆಸರು ‘ತಕ್ಕಡಿ’. ಅಜ್ಜಿ ಹೊಲಿದ ಅಂಗಿ ತೊಟ್ಟರೆ ಮಾತ್ರ ತಕ್ಕಡಿ ಸಮನಾಗುತ್ತಿತ್ತು. ಎಡಭುಜಕ್ಕೆ ಅವಳು ಒಳಗೊಂದು ಮೆತ್ತೆ ಕೂರಿಸುತ್ತಿದ್ದಳು. ಹತ್ತಿ ಎಂದು ಅವನು ತಿಳಿದಿದ್ದ.

“ಬಿಚ್ಚಿಲ್ಲಿ,” ಚಿಕ್ಕಮ್ಮ ಕೈ ಚಾಚಿದಳು. “ಎರಡು ಹೊಲಿಗೆ ಹಾಕ್ಕೊಡ್ತೀನಿ. ಆಮೇಲೆ ಜಗಳಾಡುವಿರಂತೆ.”

ಅವನು ಬನಿಯನ್ನಿನಲ್ಲಿ ಗೋಡೆಗೊರಗಿ ನಿಂತ. ಈ ಹೊರೆ ಅವನಿಗೆ ಬೇಕಿತ್ತು. ಕೊನೆಗೊಂದು ಸಲವಾದರೂ ಅಜ್ಜಿ ತನ್ನ ಮೇಲೆ, ತನ್ನ ಮೇಲೆ ಮಾತ್ರ, ಭಾರ ಹಾಕಬೇಕಿತ್ತು.

*

ಶಾಲೆ ಶುರುವಾಗುವ ಮುಂಚೆ ಪ್ರತಿ ವರ್ಷ ಅಜ್ಜಿ ಅವನನ್ನು ಬಾಗಿಲ ಬಳಿ ನಿಲ್ಲಿಸಿ ಟೇಪು ಹಿಡಿಯುತ್ತಿದ್ದಳು.

“ನೆಟ್ಟಗೆ ನಿಲ್ಲು.”

ನಿಲ್ಲುತ್ತಿದ್ದ. ಆಮೇಲೆ ಅವಳು ಅವನ ಎಡಬದಿಯ ಖಾಲಿ ಜಾಗದತ್ತ ನೋಡಿ, ದನಿ ತಗ್ಗಿಸಿ, “ನೀನೂ,” ಅನ್ನುತ್ತಿದ್ದಳು.

ತಿರುಗಿದರೆ ಅಲ್ಲಿ ಬರಿ ಗೋಡೆ.

ಅಲ್ಲಿ ಯಾರಿರಬೇಕಿತ್ತು ಎಂಬುದು ಅವನಿಗೆ ಗೊತ್ತಿತ್ತು. ಅವನ ಬೆನ್ನಿಗೇ ಹುಟ್ಟಿದ ಅವಳಿ ತಮ್ಮ. ಇಬ್ಬರಿಗೂ ಇನ್ನೂ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸು. ಮೆಟ್ಟಿಲ ತಿರುವಿನ ಕಿಟಕಿಗೆ ಆಗ ಸರಳಿರಲಿಲ್ಲ. ಕೆಳಗೆ ಮರಳಿನ ಲಾರಿ ಬಂದಿತ್ತು. ಇಬ್ಬರೂ ಬಗ್ಗಿ ನೋಡಿದರು. ಒಳಗೆ ಅಜ್ಜಿ ಯಾರದೋ ಕಾಲರಿಗೆ ಇನ್ನೊಂದೇ ಸಾಲು ಹೊಲಿಗೆ ಎಂದು ಯಂತ್ರ ತುಳಿಯುತ್ತಿದ್ದಳು. ಅಣ್ಣ ತಗಡಿನ ಮಾಡಿಗೆ ಸಿಕ್ಕಿ ಭುಜ ಮುರಿದುಕೊಂಡ. ತಮ್ಮ ನೆಲ ಸೇರಿದ. ಅಮ್ಮನೂ ಆ ವರ್ಷವೇ ಹಾಸಿಗೆ ಹಿಡಿದು ಹೋದಳು. ಕಿಟಕಿಗೆ ಸರಳು ಬಂತು, ಯಂತ್ರ ಬಾಗಿಲಿಗೆ ಬಂತು, ಆ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ.

ಹೊಸ ಅಂಗಿ ಬೇಕಾದರೆ ಹಳೆಯದನ್ನು ಒಪ್ಪಿಸಲೇಬೇಕು. ಅದು ಅಜ್ಜಿಯ ಕಾಯಿದೆ. ಒಮ್ಮೆ ಹಸಿರು ಚೌಕಳಿಯ ಅಂಗಿಯೊಂದನ್ನು ಬಿಟ್ಟುಕೊಡಲು ಮನಸ್ಸಾಗದೆ ಅವನು ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟ. ಅಜ್ಜಿ ಮನೆ ತಲೆಕೆಳಗು ಮಾಡಿದಳು. ಅಡುಗೆಯಿಲ್ಲ, ಊಟವಿಲ್ಲ. ಸಂಜೆ ಅಂಗಿ ಸಿಕ್ಕಾಗ ಅದರ ಭುಜಕ್ಕೆ ಮುಖ ಒತ್ತಿ ಅತ್ತಳು. ಅವನು ಎದುರಿಗೇ ನಿಂತಿದ್ದ. ಅವನನ್ನು ಮುಟ್ಟಲಿಲ್ಲ.

ಅಂದಿನಿಂದ ಅವನ ಮನಸ್ಸಿನಲ್ಲಿ ಒಂದು ಮಾತು ಕೂತುಬಿಟ್ಟಿತು: ಬಾರದವನ ಅಳತೆ ಸಿಗಲೆಂದು ನಿಲ್ಲಿಸಿಕೊಂಡ ಮರದ ಗೊಂಬೆ ನಾನು. ಮಳೆಗಾಲದಲ್ಲಿ ಅಂಗಿಯೆಲ್ಲ ಒಣಗಿದರೂ ಎಡಭುಜ ತಣ್ಣಗೇ ಇರುತ್ತಿತ್ತು, ಯಾರೋ ಒದ್ದೆ ಕೈ ಇಟ್ಟಂತೆ. ಅವನು ಆ ಕೈಯನ್ನು ದ್ವೇಷಿಸಿದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕ ಮೇಲೂ ಕ್ರಮ ತಪ್ಪಲಿಲ್ಲ. ಅವನೇ ತಂದುಕೊಟ್ಟ ದಪ್ಪ ಗಾಜಿನೊಳಗಿಂದ ಇಣುಕಿ ಅಳತೆ ನೋಡಿ, ಅಜ್ಜಿ ಹೋದ ವರ್ಷವೂ ಅಂದಿದ್ದಳು: “ನೀನೂ.”

*

“ಅಣ್ಣಾ, ಇಲ್ಬಾ,” ಚಿಕ್ಕಮ್ಮನ ದನಿ ಬೇರೆಯಾಗಿತ್ತು.

“ಏನೇ? ಹೊತ್ತಾಗ್ತಿದೆ.” ಮಾವ ಬಗ್ಗಿ ನೋಡಿದವನು ಅಲ್ಲೇ ಬೆಂಚಿನ ತುದಿಗೆ ಕೂತುಬಿಟ್ಟ.

ಹರಿದ ಹೊಲಿಗೆಯೊಳಗಿಂದ ಮೆತ್ತೆ ಅರ್ಧ ಹೊರಬಂದಿತ್ತು. ಹತ್ತಿಯಲ್ಲ. ಬಟ್ಟೆ, ಪದರದ ಮೇಲೆ ಪದರ. ಮೇಲಿನದು ಹೋದ ವರ್ಷ ಅವನು ಒಪ್ಪಿಸಿದ ಬೂದು ಅಂಗಿಯ ತುಂಡು. ಅದರಡಿ ನೀಲಿ ಗೆರೆ. ಅದರಡಿ ಶಾಲೆಯ ಸಮವಸ್ತ್ರ. ಅಂಗುಲ ಅಗಲದ ಪಟ್ಟಿಗಳು, ಒಂದರ ಬೆನ್ನಿಗೆ ಒಂದು, ಕಾಣದಷ್ಟು ಸಣ್ಣ ಹೊಲಿಗೆಯಲ್ಲಿ. ಹಸಿರು ಚೌಕಳಿ ಕಂಡಾಗ ಮೊಮ್ಮಗ ಅಲ್ಲಿಗೇ ಬೆರಳು ಒತ್ತಿ ನಿಂತ. ಎಲ್ಲಕ್ಕೂ ಒಳಗೆ, ತೊಳೆದೂ ತೊಳೆದೂ ಬಣ್ಣವೇ ಉಳಿಯದ, ಅಂಗೈಯಲ್ಲಿ ಮಡಿಸಿಡಬಹುದಾದ ಮಗುವಿನ ಅಂಗಿ. ಅದರ ಒಂದು ತೋಳು ಈಚೆಗೆ ಜಾರಿತ್ತು.

“ಇದು ಅವತ್ತು ಚಿಕ್ಕೋನ ಮೈಮೇಲಿದ್ದದ್ದು ಕಣೇ,” ಮಾವ ಪಿಸುಗುಟ್ಟಿದ. “ಮಣ್ಣಿಗೆ ಹಾಕಿದ್ವಿ ಅಂದ್ಕೊಂಡಿದ್ದೆ.”

“ಅಮ್ಮ ಹೇಳಿದ್ದನ್ನ ನಂಬಿದ್ವಲ್ಲ.” ಚಿಕ್ಕಮ್ಮ ಮೂಗೊರೆಸಿಕೊಂಡಳು. “ಪ್ರತಿ ಸಲ ಬಿಚ್ಚಿ, ಇವನದೊಂದು ಪಟ್ಟಿ ಸುತ್ತಿ, ಹೊಸದಕ್ಕೆ ಕೂರಿಸಿದ್ದಾಳೆ ನೋಡು. ತೆಗೆದು ಪೆಟ್ಟಿಗೆಯೊಳಗೆ ಇಟ್ಟುಬಿಡೋಣ್ವಾ? ಜೊತೆಗೆ ಹೋಗ್ಲಿ.”

ಎಲ್ಲರೂ ಮೊಮ್ಮಗನ ಮುಖ ನೋಡಿದರು. ಕೆಳಗೆ ಬೀದಿಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿಯುತ್ತಿರುವ ಸದ್ದು.

“ಇದ್ದಲ್ಲೇ ಇಟ್ಟು ಹೊಲಿ, ಚಿಕ್ಕಮ್ಮ.”

ಅವಳು ಹೊಲಿದಳು. ದೊಡ್ಡ ದೊಡ್ಡ ಹೊಲಿಗೆ; ಅಜ್ಜಿ ಕಂಡಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಹಲ್ಲಿನಲ್ಲಿ ದಾರ ಕಡಿದು ಕೊಟ್ಟಳು. ಅವನು ತೊಟ್ಟುಕೊಂಡ.

“ಒಂದು ಕೆಲಸ ಮಾಡು,” ಮಾವನ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. “ಈ ಕಡೆಗೆ ಬಾ, ಬಲಭುಜ ಕೊಡು. ನಾನು ಅಲ್ಲಿ ನಿಲ್ತೀನಿ.”

“ಬೇಡ ಮಾವ. ಇದೇ ಇರ್ಲಿ.”

ಎತ್ತಿದರು. ಮೆಟ್ಟಿಲಿಗೆ ಇಬ್ಬರು ಮುಂದೆ, ಇಬ್ಬರು ಹಿಂದೆ, ಗೋಡೆಗೆ ಮೊಣಕೈ ತರಚುತ್ತ. ತಿರುವಿನಲ್ಲಿ ಕಿಟಕಿ ಬಂತು. ಸರಳು ಹಾಕಿಸಿದ ಮೇಲೂ ಅದರ ಕಡೆ ನೋಡುತ್ತ ಅವನು ಒಮ್ಮೆಯೂ ಇಳಿದವನಲ್ಲ. ಈಗ ಪೆಟ್ಟಿಗೆ ತಿರುಗಿಸಲು ಅಲ್ಲೇ ನಿಲ್ಲಬೇಕಾಯಿತು.

“ನಿನ್ನ ಕಡೆ ಇಳೀತಿದ್ಯೇನೋ?” ಹಿಂದಿನಿಂದ ಮಾವ.

ಮುಂದೆ ಅವನ ಜೊತೆಯಾಗಿದ್ದ ಇಸ್ತ್ರಿಯವನು ಕತ್ತು ಹೊರಳಿಸಿ, ಗೆರೆ ನೋಡುವಂತೆ ಒಂದು ಕಣ್ಣು ಮುಚ್ಚಿ ಅಂಚು ನೋಡಿದ. “ಇಲ್ಲ. ಸಮವಾಗಿದೆ. ಎಲ್ಲಾರೂ ಒಂದ್ನಿಮಿಷ ನೆಟ್ಟಗೆ ನಿಲ್ಲಿ.”

ಮೊಮ್ಮಗ ನೆಟ್ಟಗೆ ನಿಂತ. ಆಮೇಲೆ ಮುಖವನ್ನು ಎಡಕ್ಕೆ ತುಸು ವಾಲಿಸಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದ:

“ನೀನೂ.”

ಚಿಕ್ಕಮ್ಮ ಅವಸರದಲ್ಲಿ ಒಳಗೆ ಸೇರಿಸಲು ಮರೆತಿದ್ದ ಪುಟ್ಟ ತೋಳು ಕಿಟಕಿಯ ಗಾಳಿಗೆ ಅವನ ಎದೆಯ ಮೇಲೆ ಒಮ್ಮೆ ಎದ್ದು, ಮತ್ತೆ ಮಲಗಿತು.